ಮಾರಾಟಕ್ಕಿರುವುದು ನಾಣ್ಯವಲ್ಲ, ರ‍್ಯಾಂಕ್

ಕ್ರಿಪ್ಟೊ ಹೆಸರಿನ ಚೈನ್ ಸ್ಕೀಮುಗಳಲ್ಲಿ ನಾಣ್ಯ ಬರೀ ನೆಪ. ಮಾರಾಟವಾಗುವುದು ರ‍್ಯಾಂಕ್. ಬಲ್ಗೇರಿಯಾದಲ್ಲಿ 2014ರಲ್ಲಿ ಹುಟ್ಟಿದ ಒನ್‌ಕಾಯಿನ್ ತನ್ನ ಸದಸ್ಯರಿಗೆ ಸಫೈರ್, ರೂಬಿ, ಎಮರಾಲ್ಡ್, ಡೈಮಂಡ್ ಎಂಬ ಬಿರುದುಗಳನ್ನು ಹಂಚಿತು. ಅದರ ಸೂತ್ರಧಾರಿಣಿ ರುಜಾ ಇಗ್ನಾಟೋವಾ 2017ರಲ್ಲಿ ತಲೆಮರೆಸಿಕೊಂಡವರು ಇನ್ನೂ ಸಿಕ್ಕಿಲ್ಲ. ನಮ್ಮಲ್ಲಿ ಗೇನ್‌ಬಿಟ್‌ಕಾಯಿನ್ 18 ತಿಂಗಳ ಕಾಲ ತಿಂಗಳಿಗೆ ಶೇ 10ರಷ್ಟು ಲಾಭದ ಆಸೆ ಹುಟ್ಟಿಸಿ, ಕೊನೆಗೆ ಎಂಕ್ಯಾಪ್ ಎಂಬ ತನ್ನದೇ ಟೋಕನ್ ಕೊಟ್ಟು ಕೈತೊಳೆದುಕೊಂಡಿತು. ಈ ಪ್ರಕರಣದಲ್ಲಿ ಸಿಬಿಐ ಬೆಂಗಳೂರೂ ಸೇರಿ ಹಲವೆಡೆ ಶೋಧ ನಡೆಸಿದ್ದು 2025ರ ಫೆಬ್ರುವರಿಯಲ್ಲಿ.

ಇಂಥ ಸ್ಕೀಮಿನ ಲೆಕ್ಕವನ್ನು ನಮ್ಮ ನೆಲಕ್ಕೇ ಹಚ್ಚಿ ನೋಡೋಣ. 'ಐದ ಮಂದಿ ಮಾಡ್ರಿ, ಸಾಕು ಕಾಕಾ' ಎನ್ನುವುದು ಜನ ಸೇರಿಸುವವರ ಮಾಮೂಲಿ ಮಾತು. ಸೇಡಂನಲ್ಲಿ ಒಬ್ಬ ಐವರನ್ನು ಸೇರಿಸಿ, ಆ ಐವರೂ ತಲಾ ಐವರನ್ನು ಸೇರಿಸುತ್ತ ಹೋದರೆ ಒಂಬತ್ತನೇ ಹಂತದಲ್ಲೇ 19,53,125 ಜನ ಬೇಕು. ಮೇಲಿನವರನ್ನೂ ಸೇರಿಸಿದರೆ 24.41 ಲಕ್ಷ. 2011ರ ಜನಗಣತಿಯಂತೆ ಇಡೀ ಕಲಬುರಗಿ ಜಿಲ್ಲೆಯ ಜನಸಂಖ್ಯೆ, ತೊಟ್ಟಿಲ ಕೂಸೂ ಸೇರಿ, 25.66 ಲಕ್ಷ. ಹತ್ತನೇ ಹಂತಕ್ಕೆ ಬೇಕಾದಷ್ಟು ಜನರೇ ಜಿಲ್ಲೆಯಲ್ಲಿ ಉಳಿದಿರುವುದಿಲ್ಲ. ಸ್ಕೀಮು ಯಾವ ಹಂತದಲ್ಲಿ ನಿಂತರೂ ಐವರಲ್ಲಿ ನಾಲ್ವರು ತಳದಲ್ಲೇ ಇರುತ್ತಾರೆ. ಇದು ಅವರ ಸೋಮಾರಿತನವಲ್ಲ, ಗಣಿತ. ಮೇಲಿನವರ ಬೋನಸ್ಸು ಈ ನಾಲ್ವರ ಜೇಬಿನಿಂದಲೇ ಹೋಗಿರುತ್ತದೆ. ಓಣಿಯ ಭಿಸಿ ಚೀಟಿಯಲ್ಲಾದರೆ ಕಟ್ಟಿದವರಿಗೆಲ್ಲ ಒಂದು ಸರದಿ ಉಂಟು. ಇಲ್ಲಿ ತಳದವರಿಗೆ ಸರದಿಯೇ ಬರುವುದಿಲ್ಲ.

ಇಂಥ ಸ್ಕೀಮು ಜಾಹೀರಾತಿನಿಂದ ಹಬ್ಬುವುದಿಲ್ಲ, ನಂಟಿನಿಂದ ಹಬ್ಬುತ್ತದೆ. ವಾಡಿಯ ಸಿಮೆಂಟ್ ಕಾರ್ಖಾನೆಯ ಶಿಫ್ಟ್ ಜೊತೆಗಾರ, ಶಹಾಬಾದಿನ ಕಲ್ಲುಗಣಿಯ ಗೆಳೆಯ, ಚಿತ್ತಾಪುರದ ಬೀಗರು ಹೇಳಿದ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಚಿಂಚೋಳಿಯ ರೈತನ ಕೈಗೆ ತೊಗರಿ ಮಾರಿದ ದುಡ್ಡು ಒಟ್ಟಿಗೆ ಬರುವ ದಿನಗಳೇ ಸ್ಕೀಮಿನವರಿಗೆ ಸುಗ್ಗಿ.

ದುಡ್ಡು ಮುಳುಗಿದ ಮೇಲೂ ಬಾಯಿ ಕಟ್ಟಿಹಾಕುವುದು ಈ ರ‍್ಯಾಂಕೇ. 'ಸಿಲ್ವರ್' ಆದವನು ತಾನು ಸೇರಿಸಿದ ಐವರ ಪಾಲಿಗೆ ಮೋಸಗಾರ, ತನ್ನ ಮಟ್ಟಿಗೆ ಮೋಸ ಹೋದವನು. ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ 1978ರ ಕಾಯ್ದೆ ಇವನ್ನು ನಡೆಸುವುದನ್ನಷ್ಟೇ ಅಲ್ಲ, ಸದಸ್ಯರಾಗುವುದನ್ನೂ ಅಪರಾಧವೆನ್ನುತ್ತದೆ. ಠಾಣೆಗೆ ಹೋದರೆ ತನ್ನ ಮೇಲೇ ಕೇಸು ಬೀಳಬಹುದೆಂಬ ಭಯ ಒಂದೆಡೆ, ಬೀಗರ ಮುಂದೆ ಮಾನ ಹೋಗುವ ಭಯ ಇನ್ನೊಂದೆಡೆ. ಮೇಲಿನವರಿಗೆ ಈ ಮೌನವೇ ಶ್ರೀರಕ್ಷೆ.

ಹಾಗಾಗಿ ಪೊಲೀಸರು ತಳದ ಸದಸ್ಯರನ್ನು ಆರೋಪಿಗಳಂತಲ್ಲ, ಸಾಕ್ಷಿಗಳಂತೆ ಕಾಣಬೇಕು. ಅದನ್ನು ಊರೂರಿನಲ್ಲಿ ಸಾರಿ ಹೇಳಬೇಕು. ಸೈಬರ್ ವಂಚನೆಯ ದೂರಿಗಿರುವ 1930 ಸಹಾಯವಾಣಿಯ ಸಂಖ್ಯೆ ಎಪಿಎಂಸಿ ಅಂಗಳದಲ್ಲೂ ಕಾರ್ಖಾನೆಯ ಗೇಟಿನಲ್ಲೂ ಕಾಣಬೇಕು. ಓದುಗರು ಕೇಳಬೇಕಾದ ಪ್ರಶ್ನೆ ಒಂದೇ: ನಾಳೆಯಿಂದ ಹೊಸಬರು ಒಬ್ಬರೂ ಸೇರದಿದ್ದರೆ ನನಗೆ ದುಡ್ಡು ಎಲ್ಲಿಂದ ಬರುತ್ತದೆ? ಇದಕ್ಕೆ ನೇರ ಉತ್ತರ ಸಿಗದ ಕಡೆ ಒಂದು ರೂಪಾಯಿಯನ್ನೂ ಹಾಕಬೇಡಿ.