ಊರಿಗೆ ವಿಮಾನ, ಹೊಲಕ್ಕೆ ಸೀಸ

ಅಮೆರಿಕದ ಸ್ಯಾನ್ ಹೋಸೆ ನಗರದಲ್ಲಿ ಕನ್ನಡಿಗ ಸಂಸಾರಗಳು ಬಹಳ. ಅದೇ ನಗರದ ಮನೆಗಳ ನಡುವೆ ರೀಡ್-ಹಿಲ್‌ವ್ಯೂ ಎಂಬ ಚಿಕ್ಕ ವಿಮಾನ ನಿಲ್ದಾಣವಿದೆ. ನಾಲ್ಕು ಆಸನದ ಸ್ವಂತ ವಿಮಾನಗಳಿಗೂ ಹಾರಾಟ ಕಲಿಯುವವರಿಗೂ ಅದೇ ನೆಲೆ. ಅದರ ಸಮೀಪ ವಾಸಿಸುವ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ದೂರದ ಮಕ್ಕಳಿಗಿಂತ ಹೆಚ್ಚಿದೆಯೆಂದು ಅಲ್ಲಿಯ ಕೌಂಟಿ ಆಡಳಿತ ಮಾಡಿಸಿದ ಅಧ್ಯಯನವೊಂದು ೨೦೨೧ರಲ್ಲಿ ತಿಳಿಸಿತು. ೨೦೨೨ರ ಜನವರಿಯಿಂದ ಆ ನಿಲ್ದಾಣದಲ್ಲಿ ಸೀಸಯುಕ್ತ ಇಂಧನದ ಮಾರಾಟ ನಿಂತಿತು.

ದೊಡ್ಡ ವಿಮಾನಗಳು ಸೀಮೆಎಣ್ಣೆಯ ಜಾತಿಯ ಇಂಧನದಿಂದ ಹಾರುತ್ತವೆ, ಅದರಲ್ಲಿ ಸೀಸವಿಲ್ಲ. ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳ ಪೆಟ್ರೋಲಿಗೆ ಮಾತ್ರ, ಎಂಜಿನ್ ಬಡಿದುಕೊಳ್ಳದಿರಲೆಂದು, ಇಂದಿಗೂ ಸೀಸದ ಸಂಯುಕ್ತವನ್ನು ಬೆರೆಸಲಾಗುತ್ತದೆ. ಪ್ರತಿ ಲೀಟರಿಗೆ ಗರಿಷ್ಠ ೦.೫೬ ಗ್ರಾಂ. ಭಾರತದ ಕಾರು, ಸ್ಕೂಟರುಗಳ ಪೆಟ್ರೋಲಿನಿಂದ ಸೀಸವನ್ನು ೨೦೦೦ದಲ್ಲಿಯೇ ತೆಗೆಯಲಾಯಿತು. ಬಡವನ ಮೊಪೆಡ್ಡಿಗೆ ನಿಷಿದ್ಧವಾದ ವಿಷ ಸಿರಿವಂತನ ವಿಮಾನಕ್ಕೆ ಸಮ್ಮತವಾಗಿರುವುದು ವಿಚಿತ್ರವಲ್ಲವೆ?

ಈ ಮಾತು ಬೆಳಗಾವಿ ಜಿಲ್ಲೆಗೆ ದೂರದ್ದಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಂದ ಹೊರಟು ಬೆಂಗಳೂರಿನಲ್ಲಿಯೋ ವಿದೇಶದಲ್ಲಿಯೋ ನೆಲೆ ಕಂಡವರಲ್ಲಿ ಕೆಲವರಿಗಾದರೂ ಮುಂದೊಂದು ದಿನ ಸ್ವಂತ ವಿಮಾನದಲ್ಲಿ ಊರಿಗೆ ಬರುವ ಆಸೆ ಮೂಡೀತು. ತಂದೆತಾಯಿಗಳನ್ನು ಬೇಗ ಕಾಣಬೇಕೆಂಬ ಹಂಬಲದಲ್ಲಿ ತಪ್ಪೇನೂ ಇಲ್ಲ. ಆದರೆ ಅದರ ಲೆಕ್ಕವನ್ನೊಮ್ಮೆ ನೋಡಬೇಕು. ಬೆಂಗಳೂರಿನ ಜಕ್ಕೂರಿನಿಂದ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ನೇರ ದಾರಿ ಸುಮಾರು ೪೪೦ ಕಿಲೋಮೀಟರ್. ಸೆಸ್ನಾ ೧೭೨ರಂತಹ ವಿಮಾನ ಗಂಟೆಗೆ ಮೂವತ್ತು ಲೀಟರಿಗೂ ಮಿಗಿಲಾಗಿ ಉರಿಸುತ್ತ ಎರಡು ಗಂಟೆಗೂ ಹೆಚ್ಚು ಹಾರಬೇಕು. ಹೋಗಿಬರಲು ಸುಮಾರು ೧೪೦ ಲೀಟರ್ ಇಂಧನ, ಮುನ್ನೂರು ಕಿಲೋ ಇಂಗಾಲದ ಡೈಆಕ್ಸೈಡ್, ಎಪ್ಪತ್ತೆಂಟು ಗ್ರಾಮಿನವರೆಗೆ ಸೀಸ. ಸಾಂಬ್ರಾದಲ್ಲಿ ಇಳಿದ ಮೇಲೂ ರಾಮದುರ್ಗದವನಿಗೆ ಸುಮಾರು ನೂರು ಕಿಲೋಮೀಟರಿನ ರಸ್ತೆ ಉಳಿದೇ ಇರುತ್ತದೆ! ನಲವತ್ತು ಜನರಿರುವ ಬಸ್ಸಿನಲ್ಲಿ ಅದೇ ಊರಿಗೆ ಒಬ್ಬನ ಪಾಲಿಗೆ ಬರುವ ಡೀಸೆಲ್ ಹೋಗಿಬರಲು ಐದಾರು ಲೀಟರ್ ಮಾತ್ರ.

ಆ ನೂರು ಕಿಲೋಮೀಟರನ್ನೂ ಉಳಿಸಬೇಕೆಂದರೆ ತಾಲ್ಲೂಕಿಗೊಂದು ಇಳಿದಾಣ ಬೇಕಾಗುತ್ತದೆ. ಒಂದು ಕಿಲೋಮೀಟರ್ ಉದ್ದ, ಇಕ್ಕೆಲದ ಬಯಲೂ ಸೇರಿ ನೂರೈವತ್ತು ಮೀಟರ್ ಅಗಲವೆಂದು ಹಿಡಿದರೂ ಮೂವತ್ತೇಳು ಎಕರೆ. ಬೈಲಹೊಂಗಲದ ಸುತ್ತ ಅಷ್ಟು ಸಮತಟ್ಟಾದ ನೆಲವೆಂದರೆ ಅದು ಹತ್ತಿ, ಕಡಲೆ, ಬಿಳಿಜೋಳ ಬೆಳೆಯುವ ಎರೆಭೂಮಿಯೇ. ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವ ಈ ಮಣ್ಣಿನ ಮೇಲೆ ಓಡುದಾರಿ ನಿಲ್ಲಬೇಕಾದರೆ ಮೇಲ್ಮಣ್ಣನ್ನು ಆಳಕ್ಕೆ ಅಗೆದು ಬೇರೆಡೆಯ ಗರಸು ತುಂಬಬೇಕು. ಒಮ್ಮೆ ಅಗೆದ ಎರೆ ಮರಳಿ ಹೊಲವಾಗದು.

ಮಣ್ಣಿನಲ್ಲಿ ಸೀಸದ ನಡೆಯನ್ನೂ ತಿಳಿಯಬೇಕು. ಜೇಡಿ ಮತ್ತು ಸುಣ್ಣದ ಅಂಶ ಹೆಚ್ಚಿರುವ ಎರೆಮಣ್ಣು ಸೀಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದು ಕೊಳೆಯುವುದಿಲ್ಲ, ಮಳೆಗೆ ಸುಲಭವಾಗಿ ಇಳಿದುಹೋಗುವುದೂ ಇಲ್ಲ. ಮೇಲಿನ ಕೆಲವು ಅಂಗುಲಗಳಲ್ಲಿಯೇ ವರ್ಷದಿಂದ ವರ್ಷಕ್ಕೆ ಸೇರುತ್ತ ಹೋಗುತ್ತದೆ. ಜೋಳದ ಕಾಳಿಗೆ ಬೇರಿನ ಮೂಲಕ ಏರುವುದು ಅತ್ಯಲ್ಪ. ಅಪಾಯವಿರುವುದು ಧೂಳಿನಲ್ಲಿ. ರೊಟ್ಟಿಯೊಡನೆ ಹಸಿಯಾಗಿಯೇ ತಿನ್ನುವ ಮೆಂತ್ಯ, ಹಕ್ಕರಕಿಗಳ ಎಲೆಗೆ ಅಂಟಿದ ಧೂಳು, ಅಂಗಳದಲ್ಲಿ ಆಡುವ ಮಗುವಿನ ಕೈಗೆ ಹತ್ತಿದ ಧೂಳು. ಎಂದೋ ಒಮ್ಮೆ ಬಂದಿಳಿಯುವ ವಿಮಾನದಿಂದ ಇದು ಸಂಭವಿಸದು. ಪದೇ ಪದೇ ಏರಿಳಿಯುವ ನಿಲ್ದಾಣದ ನೆರೆಹೊರೆಯಲ್ಲಿ ಸಂಭವಿಸುತ್ತದೆ.

ಸಾಂಬ್ರಾ ಅಂತಹ ನಿಲ್ದಾಣವಾಗುವ ಹಾದಿಯಲ್ಲಿದೆ. ೨೦೨೧ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಹಾರಾಟ ತರಬೇತಿ ಶಾಲೆಗಳಿಗಾಗಿ ಆರಿಸಿದ ನಿಲ್ದಾಣಗಳಲ್ಲಿ ಬೆಳಗಾವಿಯೂ ಒಂದು. ೨೦೨೩ರ ಮೇ ತಿಂಗಳಲ್ಲಿ ಅಲ್ಲಿಂದ ಮೇಲೆದ್ದ ತರಬೇತಿ ವಿಮಾನವೊಂದು ಹೊನ್ನಿಹಾಳದ ಹೊಲಕ್ಕೆ ಇಳಿದದ್ದನ್ನು ಜನ ಮರೆತಿಲ್ಲ. ಇಲ್ಲೊಂದು ಸಮಾಧಾನವೂ ಉಂಟು: ರೋಟ್ಯಾಕ್ಸ್‌ನಂತಹ ಹೊಸ ಬಗೆಯ ಎಂಜಿನ್ನುಗಳು ಸೀಸವಿಲ್ಲದ ಸಾಧಾರಣ ಪೆಟ್ರೋಲಿನಲ್ಲಿಯೂ ಓಡುತ್ತವೆ. ಆದ್ದರಿಂದ ಸೀಸ ಅನಿವಾರ್ಯವೆಂಬ ವಾದ ಎಲ್ಲ ವಿಮಾನಗಳಿಗೂ ಸಲ್ಲದು.

ಆಕಾಶಮಾರ್ಗವೇ ಬೇಡವೆಂಬುದು ಇಲ್ಲಿಯ ಅಭಿಪ್ರಾಯವಲ್ಲ. ಕಣಕುಂಬಿಯ ಬೆಟ್ಟದಲ್ಲಿ ಹುಟ್ಟುವ ಮಲಪ್ರಭೆ ೨೦೧೯ರ ಆಗಸ್ಟಿನಲ್ಲಿ ಉಕ್ಕಿ ಮುನವಳ್ಳಿ, ರಾಮದುರ್ಗಗಳಿಗೆ ನುಗ್ಗಿದ ದಿನಗಳಲ್ಲಿ, ಬೆಳಗಾವಿ ಜಿಲ್ಲೆಯಲ್ಲಿ ನೆರೆಗೆ ಸಿಲುಕಿದವರ ರಕ್ಷಣೆಗೆ ಹೆಲಿಕಾಪ್ಟರ್ ಬಂದಿತ್ತು. ಅಂತಹ ಹಾರಾಟಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ. ಆದರೆ ನಿತ್ಯದ ಬಂಧುದರ್ಶನದ ಮಾತೇ ಬೇರೆ. ೨೦೨೩ರ ಜೂನಿನಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ತವರಿಗೆ ಹೋಗುವ ಹೆಣ್ಣುಮಗಳಿಗೆ ಟಿಕೆಟ್ಟಿನ ಚಿಂತೆ ತಪ್ಪಿದೆ. ಬಸ್ಸಿನಲ್ಲಿ ನಿಲ್ಲಲು ಜಾಗ ಸಿಗುವುದೇ ಎಂಬ ಚಿಂತೆ ಉಳಿದಿದೆ. ಧಾರವಾಡದಿಂದ ಕಿತ್ತೂರಿನ ಮೂಲಕ ಬೆಳಗಾವಿಗೆ ಸುಮಾರು ೭೩ ಕಿಲೋಮೀಟರಿನ ನೇರ ರೈಲು ಮಾರ್ಗ ಒಪ್ಪಿಗೆ ಪಡೆದು ವರ್ಷಗಳೇ ಉರುಳಿವೆ. ರೈಲಿಗೂ ಹೊಲವೇ ಬೇಕೆಂಬುದು ನಿಜ. ಆದರೆ ಆ ಹೊಲದ ಮೇಲೆ ದಿನಕ್ಕೆ ಸಾವಿರಾರು ಜನ ಸಾಗುತ್ತಾರೆ, ನಾಲ್ವರಲ್ಲ.

ಸಾಂಬ್ರಾ, ಹೊನ್ನಿಹಾಳ, ಮುತಗಾ ಗ್ರಾಮಗಳವರೂ ಅಲ್ಲಿಯ ವಿದ್ಯಾರ್ಥಿಗಳೂ ೨೦೦೫ರ ಮಾಹಿತಿ ಹಕ್ಕು ಕಾಯಿದೆಯಡಿ ಎರಡು ಪ್ರಶ್ನೆಗಳನ್ನು ಕೇಳಬಹುದು: ನಿಲ್ದಾಣದಲ್ಲಿ ವರ್ಷಕ್ಕೆ ಎಷ್ಟು ಲೀಟರ್ ಸೀಸಯುಕ್ತ ಇಂಧನ ಬಳಕೆಯಾಗುತ್ತದೆ, ಮತ್ತು ಸುತ್ತಲಿನ ಹೊಲಗಳ ಮಣ್ಣನ್ನು ಯಾರಾದರೂ ಪರೀಕ್ಷಿಸಿದ್ದಾರೆಯೆ? ಅರ್ಜಿಯ ಶುಲ್ಕ ಹತ್ತು ರೂಪಾಯಿ.