ಅಂಕಿ ಬಂತು, ಆಳ ಸರಿ ಇದೆಯಾ?

ಚೆನ್ನೈಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಹೊಟ್ಟೆಪಾಡಿಗೆ ಬೋಟುಗಳ ಎಲೆಕ್ಟ್ರಾನಿಕ್ಸ್ ಕೆಲಸ. ಊರಿಗೆ ಹೋದರೆ "ಎಂತ ಮಾರಾಯ, ಮದ್ರಾಸಿನಲ್ಲಿ ರೇಡಿಯೋ ರಿಪೇರಿಯಾ?" ಅಂತ ಕೇಳುವವರು ಈಗಲೂ ಇದ್ದಾರೆ. ಹೆಚ್ಚುಕಡಿಮೆ ಹಾಗೇ ಅನ್ನಿ. ಆದರೆ ನಮ್ಮ ಈ ಕಸುಬಿನ ಬಗ್ಗೆ ನನ್ನದೊಂದು ತಕರಾರಿದೆ. ಪರದೆಯಲ್ಲಿ ಅಂಕಿ ಮೂಡಿದ ಕೂಡಲೇ ಕೆಲಸ ಮುಗಿಯಿತು ಅಂದುಬಿಡುತ್ತೇವಲ್ಲ, ಅದು.

ಆಳ ಅಳೆಯುವ ಸೆನ್ಸರನ್ನೇ ತೆಗೆದುಕೊಳ್ಳಿ. ಹೊಸ ಬೋಟುಗಳಲ್ಲಿ ಆಳ, ಗಾಳಿ, ಜಿಪಿಎಸ್ ಎಲ್ಲವನ್ನೂ ಎನ್‌ಎಂಇಎ 2000 ಅನ್ನುವ ಒಂದೇ ಜಾಲಕ್ಕೆ ಜೋಡಿಸಬಹುದು. ಉದ್ದಕ್ಕೆ ಒಂದು ಮುಖ್ಯ ಕೇಬಲ್, ಅದರಿಂದ ಒಂದೊಂದು ಉಪಕರಣಕ್ಕೆ ಒಂದೊಂದು ಕವಲು. ಕವಲು 6 ಮೀಟರ್ ದಾಟುವಂತಿಲ್ಲ. ಮುಖ್ಯ ಕೇಬಲಿನ ಎರಡೂ ತುದಿಗೆ 120 ಓಮಿನ ಟರ್ಮಿನೇಟರ್ ಇರಬೇಕು. ಕರೆಂಟು ಆರಿಸಿ ಎರಡು ಡೇಟಾ ತಂತಿಗಳಿಗೆ ಮೀಟರ್ ಹಿಡಿದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಖಾಲಿ ಅಂತಲೇ ಲೆಕ್ಕ. ತಮಾಷೆ ನೋಡಿ, ಸಣ್ಣ ಜಾಲವಾದರೆ ಹಾಗಿದ್ದರೂ ದಡದಲ್ಲಿ ಓಡಿಬಿಡಬಹುದು. ಕೈಕೊಡುವುದು ಆಮೇಲೆ, ಸಮುದ್ರದಲ್ಲಿ.

ತಂತಿ ಸರಿಯಾದರೂ ಅಂಕಿ ಸರಿ ಅಂತಲ್ಲ. ಸೆನ್ಸರ್ ಕಳಿಸಿದ ಸದ್ದು ತಳಕ್ಕೆ ಬಡಿದು ವಾಪಸ್ಸು ಬರುವ ಸಮಯದಿಂದ ಆಳದ ಲೆಕ್ಕ. ಉಪ್ಪುನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಆದರೆ ಅದು ಅಳೆಯುವುದು ತನ್ನ ಮೂತಿಯಿಂದ. ಬೋಟಿನ ಅಡಿ ಅದಕ್ಕಿಂತ ಅರ್ಧ ಮೀಟರ್ ಕೆಳಗಿದ್ದರೆ, ಪರದೆಯ 2 ಮೀಟರ್ ಅಂದರೆ ನಿಜಕ್ಕೂ ಒಂದೂವರೆ. ಆ ವ್ಯತ್ಯಾಸವನ್ನು ನಾವೇ ತುಂಬಬೇಕು. ತುಂಬಿದ ಮೇಲೆ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ನೀರಿಗಿಳಿಸಿ ತಾಳೆ ನೋಡಬೇಕು. ನಮ್ಮ ಕರಾವಳಿಯಲ್ಲಿ ಮಾರು ಲೆಕ್ಕ, ಇಲ್ಲಿ ಪಾಗಂ. ಎರಡೂ ಚಾಚಿದ ತೋಳಿನಳತೆಯೇ! ನನ್ನ ಮೀಟರಿಗಿಂತ ಆ ಹಗ್ಗವನ್ನು ತಾಂಡೇಲ ಬೇಗ ನಂಬುತ್ತಾನೆ.

ಇದೇನು ಮಹಾ ಅನ್ನಬೇಡಿ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ಕನ್ಯಾಕುಮಾರಿ, ಕೇರಳ ಕಡೆಯಿಂದ ದೂರಕ್ಕೆ ಹೋಗಿದ್ದ ಎಷ್ಟೋ ಮೀನುಗಾರರಿಗೆ ಎಚ್ಚರಿಕೆ ಮುಟ್ಟಲೇ ಇಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಏಳು ಜನರೊಂದಿಗೆ ಕಾಣೆಯಾಯಿತು. ನೌಕಾಪಡೆಗೆ ಮಾಲ್ವಣದಾಚೆ ಅದರ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಆ ಮನೆಗಳವರು ಕಾದರು.

2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಸುಮಾರು 364 ಕೋಟಿ ರೂಪಾಯಿಯ ಯೋಜನೆಗೆ ಚಾಲನೆ ಕೊಟ್ಟಿತು. ಒಂದು ಲಕ್ಷ ಬೋಟುಗಳಿಗೆ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್, ಅದೂ ಉಚಿತ. ಉಪಗ್ರಹದ ಮೂಲಕ ಎರಡೂ ಕಡೆಗೆ ಸಂದೇಶ ಹೋಗುತ್ತದೆ. ಬಹಳ ಒಳ್ಳೆಯದು. ನಾನು ಕೇಳುವುದಿಷ್ಟೇ: "ಅಳವಡಿಸಲಾಗಿದೆ" ಎಂಬ ಕಾಗದಕ್ಕೆ ಕಟ್ಟೆಯ ಮೇಲೆ ಸಹಿ ಬೀಳಬಾರದು. ಬೋಟು ಬಂದರು ದಾಟಿ, ಸಂದೇಶ ಹೋಗಿ, ಉತ್ತರ ಬಂದು, ಅದನ್ನು ತಾಂಡೇಲನೇ ತನ್ನ ಭಾಷೆಯಲ್ಲಿ ಓದಿ ಹೇಳಿದ ಮೇಲೆ, ಅವನೇ ಸಹಿ ಹಾಕಲಿ. ಸೆನ್ಸರಿಗೂ ಇದೇ ನಿಯಮ.

ಡೀಸೆಲ್ ಯಾರಪ್ಪ ಕೊಡುತ್ತಾನೆ ಅಂತ ಮಾಲೀಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉಪಕರಣದ ದುಡ್ಡಿನಲ್ಲೇ ಅರ್ಧ ದಿನದ ಡೀಸೆಲನ್ನೂ ಸೇರಿಸಿದರಾಯಿತು. ಹುಡುಕಾಟಕ್ಕೆ ಸುಡುವ ಡೀಸೆಲಿನ ಮುಂದೆ ಅದು ಯಾವ ಲೆಕ್ಕ?

ನೀವೇನಂತೀರಿ?