ಸೈಕಲ್ಲಿನ ದಾರಿಯನ್ನು ನುಂಗಬೇಡಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ರಸ್ತೆ ಯಾರದು ಎಂಬುದು ಎಲ್ಲರಿಗೂ ಗೊತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಡಾಂಬರಿನ ಅಂಚು ಮೀರಿ ಕಬ್ಬು ಹೇರಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ, ಹಾಡು ಜೋರಾಗಿ ಹಚ್ಚಿಕೊಂಡು ಹೊರಟ ಟ್ರ್ಯಾಕ್ಟರಿನದು. ಅದರ ಮಗ್ಗುಲಿಗೆ ಹೈಸ್ಕೂಲಿಗೆ ಹೊರಟ ಹುಡುಗಿಯ ಸೈಕಲ್ಲು. ಡಾಂಬರು ಮುಗಿದಲ್ಲಿ ಗೇಣು ಆಳದ ತಗ್ಗು, ಅದರಾಚೆ ಜಾಲಿಮುಳ್ಳು. ಸರಿಯಲು ಅವಳಿಗೆ ಜಾಗವಿಲ್ಲ. ಹಂಗಾಮು ಮುಗಿಯುವುದರೊಳಗೆ ಎಲ್ಲೋ ಒಂದು ಊರಿನ ಹೆಸರಿನೊಡನೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತದೆ. ಜನ ಓದುತ್ತಾರೆ, ಲೊಚಗುಟ್ಟುತ್ತಾರೆ, ಪುಟ ತಿರುವುತ್ತಾರೆ.

ಸಿಟ್ಟು ಬರುವುದು ಅವಳಿಗೆ ಬೇರೆ ದಾರಿ ಇಲ್ಲವೆಂದಲ್ಲ, ಇದ್ದೂ ಇಲ್ಲದಂತೆ ಮಾಡಿದ್ದಾರಲ್ಲ ಎಂದು. ಸವದತ್ತಿ, ರಾಮದುರ್ಗದ ಎಷ್ಟೋ ಹಳ್ಳಿಗಳಲ್ಲಿ ಊರ ಪಕ್ಕದಲ್ಲೇ ಕೆನಾಲು ಹರಿಯುತ್ತದೆ. ಕೆನಾಲಿನ ದಂಡೆಯ ಮೇಲೆ ಸರ್ಕಾರದ್ದೇ ಆದ ದಾರಿ ಇದೆ. ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ನಡುವೆ ಮಲಪ್ರಭೆಯನ್ನು ತಡೆದು, 37.73 ಟಿಎಂಸಿ ನೀರು ಹಿಡಿಯುವ ರೇಣುಕಾ ಸಾಗರ ಕಟ್ಟಿದಾಗ ಎಡದಂಡೆ, ಬಲದಂಡೆ ಕಾಲುವೆಗಳ ಜೊತೆಗೇ ಈ ದಾರಿಯೂ ಬಂತು. ಕಾಲುವೆ ಸೋರುತ್ತಿದೆಯೇ, ತೂಬು ಸರಿ ಇದೆಯೇ ಎಂದು ನೋಡಲು ನೀರಾವರಿ ಸಿಬ್ಬಂದಿ ಓಡಾಡಲೆಂದು ಮಾಡಿದ್ದು. ನೀರು ಏರು ಹತ್ತುವುದಿಲ್ಲ. ಹಾಗಾಗಿ ಅದರ ದಂಡೆಯ ದಾರಿಗೂ ಏರಿಲ್ಲ. ಗುಡ್ಡದ ಬುಡ ಹಿಡಿದು, ಎರೆಹೊಲಗಳ ಅಂಚಿನಲ್ಲಿ, ಒಂದು ಕಡೆ ನೀರು ಇನ್ನೊಂದು ಕಡೆ ಜೋಳ ನೋಡುತ್ತ ಮಕ್ಕಳೂ ಮುದುಕರೂ ಏದುಸಿರಿಲ್ಲದೆ ಸೈಕಲ್ ತುಳಿಯಬಹುದಾದ ದಾರಿ ಅದು.

ಜಗತ್ತಿನ ಬೇರೆ ಕಡೆ ಇಂಥ ದಾರಿಗಳನ್ನು ಜನ ರೈಲಿನಿಂದ ಪಡೆದರು. ರೈಲೂ ಕಡಿದಾದ ಏರು ಹತ್ತಲಾರದು. ಹಳಿ ಕಿತ್ತ ಮೇಲೂ ಕಣಿವೆಗೆ ಸೇತುವೆ, ಗುಡ್ಡಕ್ಕೆ ಸುರಂಗ ಇದ್ದೇ ಇರುತ್ತವೆ. ಇಂಗ್ಲೆಂಡಿನ ಬ್ರಿಸ್ಟಲ್ ಮತ್ತು ಬಾತ್ ನಡುವಿನ ಹಳೆಯ ರೈಲುದಾರಿಯಲ್ಲಿ 1979ರಲ್ಲಿ ಊರಿನ ಸ್ವಯಂಸೇವಕರೇ ಗುದ್ದಲಿ ಹಿಡಿದರು. 1986ರ ಹೊತ್ತಿಗೆ ಸುಮಾರು 21 ಕಿಲೋಮೀಟರ್ ಉದ್ದದ ಸೈಕಲ್ ದಾರಿ ಸಿದ್ಧವಾಯಿತು. ನ್ಯೂಜಿಲೆಂಡಿನ ಒಟಾಗೊ ಪ್ರಾಂತ್ಯದ ಕತೆ ನಮ್ಮ ತಾಲ್ಲೂಕುಗಳಿಗೆ ಇನ್ನೂ ಹತ್ತಿರದ್ದು. ಅಲ್ಲಿ ಕುರಿ ಸಾಕುವ ಸಣ್ಣ ಊರುಗಳ ನಡುವೆ ಓಡುತ್ತಿದ್ದ ರೈಲು 1990ರಲ್ಲಿ ನಿಂತಿತು. ಸರ್ಕಾರ 1993ರಲ್ಲಿ ಆ ಜಾಗವನ್ನು ಇಡಿಯಾಗಿ ಕೊಂಡಿತು, 2000ದಲ್ಲಿ ಸುಮಾರು 150 ಕಿಲೋಮೀಟರ್ ದಾರಿ ಸೈಕಲ್ಲಿಗೆ ತೆರೆಯಿತು. ಬಾಗಿಲು ಹಾಕುವ ಸ್ಥಿತಿಯಲ್ಲಿದ್ದ ಹಳ್ಳಿಯ ಖಾನಾವಳಿ, ವಸತಿಮನೆಗಳಿಗೆ ಮತ್ತೆ ಗಿರಾಕಿಗಳು ಬಂದರು.

ಇಲ್ಲೆಲ್ಲ ಕೆಲಸ ಮಾಡಿದ್ದು ಒಂದೇ ಸಂಗತಿ. ಜಾಗ ತುಂಡಾಗದೆ ಉಳಿದಿತ್ತು. ಬ್ರಿಟನ್ನಿನಲ್ಲಿ 1963ರ ಬೀಚಿಂಗ್ ವರದಿಯ ನಂತರ ಮುಚ್ಚಿದ ಎಷ್ಟೋ ಮಾರ್ಗಗಳ ನೆಲವನ್ನು ಚೂರುಚೂರಾಗಿ ಮಾರಿದರು. ಎಲ್ಲೆಲ್ಲಿ ಮಾರಿದರೋ ಅಲ್ಲೆಲ್ಲ ಸೈಕಲ್ ದಾರಿ ಇಂದಿಗೂ ನಡುನಡುವೆ ಕಡಿದುಹೋಗುತ್ತದೆ. ಆ ತಪ್ಪು ಆಗದಿರಲೆಂದು ಅಮೆರಿಕ 1983ರಲ್ಲಿ ಕಾನೂನು ತಿದ್ದಿತು: ರೈಲು ನಿಂತರೂ ಅದರ ಜಾಗ ಒಡೆಯಬಾರದು, ಮುಂದೆಂದಾದರೂ ರೈಲು ಬೇಕಾಗುವ ತನಕ ಅಲ್ಲಿ ಜನ ನಡೆಯಲಿ, ಸೈಕಲ್ ತುಳಿಯಲಿ.

ಕನ್ನಡಿಗರಿಗೆ ಈ ರುಚಿ ಗೊತ್ತಿಲ್ಲವೇ? ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಮೀಟರ್‌ಗೇಜ್ ಮಾರ್ಗವನ್ನು ಬ್ರಾಡ್‌ಗೇಜ್ ಮಾಡಲು 1996ರಲ್ಲಿ ಮುಚ್ಚಿದಾಗ, ಮತ್ತೆ ರೈಲು ಓಡುವ ತನಕದ ವರ್ಷಗಳಲ್ಲಿ ಚಾರಣಿಗರು ಆ ಸುರಂಗ, ಸೇತುವೆಗಳ ದಾರಿಯನ್ನು ನಡೆದು ನಡೆದು ಹೆಸರುವಾಸಿ ಮಾಡಿದರು. ಈಗಲೂ ಮಳೆಗಾಲ ಬಂದರೆ ದೂಧಸಾಗರದ ಹಳಿಗಳ ಮೇಲೆ ಹೋಗಿ ರೈಲ್ವೆ ಪೊಲೀಸರ ಕೈಗೆ ಸಿಕ್ಕಿಬೀಳುವವರಿದ್ದಾರೆ. 2023ರ ಜುಲೈನಲ್ಲಿ ಹಾಗೆ ಹೋದವರಿಗೆ ಪೊಲೀಸರು ಬಸ್ಕಿ ಹೊಡೆಸಿದ ದೃಶ್ಯ ಎಲ್ಲರ ಮೊಬೈಲಿಗೂ ಬಂದಿತ್ತು. ಓಡುವ ರೈಲಿನ ಹಳಿ ಮೇಲೆ ನಡೆಯುವುದು ತಪ್ಪೇ. ಆದರೆ ವಾಹನವಿಲ್ಲದ ಹಸಿರು ದಾರಿಗೆ ಜನ ಹಾತೊರೆಯುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಕ್ಕೆ ಇನ್ನೂ ರೈಲೇ ಬಂದಿಲ್ಲ. ಹಳಿ ಕಿತ್ತ ದಾರಿ ಇಲ್ಲಿ ಹುಡುಕಿದರೂ ಸಿಗದು. ಇಲ್ಲಿಯ ಜನರ ಪಾಲಿಗೆ ಆ ದಾರಿ ಎಂದರೆ ಕೆನಾಲಿನ ದಂಡೆ. ಅದನ್ನೇ ನುಂಗಲಾಗುತ್ತಿದೆ.

ನುಂಗುವುದು ಹೇಗೆ? ಮೊದಲ ವರ್ಷ ಪಕ್ಕದ ಹೊಲದವರು ದಂಡೆಯ ಬುಡಕ್ಕೆ ಒಂದು ಸಾಲು ಹೆಚ್ಚು ರೆಂಟೆ ಹೊಡೆಯುತ್ತಾರೆ. ಮರುವರ್ಷ ಇನ್ನೊಂದು ಸಾಲು. ಬಾಂದುಕಲ್ಲು ಎಲ್ಲೋ ಮಾಯವಾಗುತ್ತದೆ. ಆಮೇಲೆ ಅಲ್ಲೊಂದು ಮೇವಿನ ಬಣವೆ, ಮೋಟರಿನ ಗುಡಿಸಲು, ಮುಳ್ಳಿನ ಬೇಲಿ. ಉಳಿದದ್ದನ್ನು ಬಳ್ಳಾರಿ ಜಾಲಿ ಮುಗಿಸುತ್ತದೆ. ಕರ್ನಾಟಕ ನೀರಾವರಿ ಕಾಯ್ದೆ ಬಂದದ್ದು 1965ರಲ್ಲಿ. ಕಾಲುವೆಗೆ ಹಾನಿ ಮಾಡುವುದು ಅಂದಿನಿಂದಲೂ ಅಪರಾಧ. ಅಧಿಕಾರಿಗೆ ಗೊತ್ತಿದೆ, ಪಂಚಾಯಿತಿ ಸದಸ್ಯನಿಗೆ ಗೊತ್ತಿದೆ, ನೆರೆಹೊಲದವನಿಗಂತೂ ಚೆನ್ನಾಗಿಯೇ ಗೊತ್ತಿದೆ. ಕೇಳಿದರೆ ಎಲ್ಲರದೂ ಒಂದೇ ಮಾತು: "ನಮಗ್ಯಾಕ್ರೀ ಊರ ಉಸಾಬರಿ?"

ಊರ ಉಸಾಬರಿ ಬೇಡವೆಂದವರ ಮಕ್ಕಳೇ ಟ್ರೇಲರಿನ ಪಕ್ಕ ಸೈಕಲ್ ತುಳಿಯುತ್ತಿದ್ದಾರೆ. ರಸ್ತೆ ಕೆಟ್ಟರೆ ದುರಸ್ತಿ ಮಾಡಬಹುದು, ದೀಪ ಇಲ್ಲದಿದ್ದರೆ ಹಾಕಿಸಬಹುದು, ಹಣ ಈ ವರ್ಷ ಬಾರದಿದ್ದರೆ ಮುಂದಿನ ವರ್ಷ ಬರುತ್ತದೆ. ಉದ್ದಕ್ಕೆ ಹರಿದ ಸಾರ್ವಜನಿಕ ನೆಲ ನಡುವೆ ನಾಲ್ಕು ಕಡೆ ಹೋದರೆ ಇಡೀ ದಾರಿ ಹೋದಂತೆಯೇ. ಒಬ್ಬನ ಹತ್ತು ಮಾರು ಒತ್ತುವರಿಗೆ ಹತ್ತು ಊರಿನ ದಾರಿ ಬಲಿ. ಇದನ್ನು ಬಡತನದ ಹೆಸರಿನಲ್ಲಿಯೂ ಕ್ಷಮಿಸಲಾಗದು. ಒತ್ತಿದ ಎರಡು ಸಾಲಿನಿಂದ ಯಾರ ಬಡತನವೂ ಹಿಂಗಿಲ್ಲ.

"ಈಗ ಸೈಕಲ್ ಯಾರ್ ಹೊಡೀತಾರ್ರೀ?" ಎನ್ನುವವರಿದ್ದಾರೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಗಿ ಕೋವಿಡ್ ಬರುವ ತನಕ ನಡೆಯಿತು. ಲಕ್ಷಗಟ್ಟಲೆ ಮಕ್ಕಳಿಗೆ ಸೈಕಲ್ ಸಿಕ್ಕಿತು, ಅದನ್ನು ತುಳಿಯಲು ಒಂದು ಮೊಳ ದಾರಿ ಸಿಗಲಿಲ್ಲ. ಹೆದರಿದ ತಾಯಂದಿರು ಸೈಕಲ್ಲನ್ನು ಪಡಸಾಲೆಯ ಗೋಡೆಗೆ ಆನಿಸಿಟ್ಟು ಮಗಳನ್ನು ಬಸ್ಸಿಗೆ ಕಳಿಸಿದರು. ಬಸ್ಸು ಭರ್ತಿಯಾಗಿದ್ದರೆ ಹಳ್ಳಿಯ ನಿಲುಗಡೆಯಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಈ ಭಾಗದ ಪಾಲಕರಿಗೆ ಹೇಳಿಕೊಡಬೇಕಿಲ್ಲ. ಸೈಕಲ್ ತುಳಿಯುವವರು ಕಡಿಮೆಯಾಗಿದ್ದರೆ ಅದು ಹೆದರಿಕೆಯ ಲೆಕ್ಕ.

ಸೈಕಲ್ಲಿಗರಷ್ಟೇ ಅಲ್ಲ, ನಡೆಯುವವರೂ ಇದ್ದಾರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು, ಕಾಲ್ನಡಿಗೆಯಲ್ಲಿ ಬರುವ ಭಕ್ತರು ಅದೇ ಲಾರಿ, ಟ್ರ್ಯಾಕ್ಟರುಗಳ ನಡುವೆ ಜೀವ ಅಂಗೈಯಲ್ಲಿಟ್ಟು ಸಾಗುತ್ತಾರೆ. ಇನ್ನು ನೋಡಲು ಬರುವವರಿಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಏನು ಕಡಿಮೆ? 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದ ಕಿತ್ತೂರಿನ ಕೋಟೆ, ರಾಯಣ್ಣನ ಸಂಗೊಳ್ಳಿ, 1829ರಲ್ಲಿ ಸೆರೆಯಲ್ಲೇ ತೀರಿಕೊಂಡ ಚೆನ್ನಮ್ಮನ ಸಮಾಧಿ ಇರುವ ಬೈಲಹೊಂಗಲ, ಮಲ್ಲಮ್ಮನ ಬೆಳವಡಿ, ಸೊಗಲದ ಜಲಪಾತ, ಮುನವಳ್ಳಿ, ನವಿಲುತೀರ್ಥ, ಸವದತ್ತಿ ಕೋಟೆ, ತೊರಗಲ್ಲು, ಸುರೇಬಾನದ ಶಬರಿಕೊಳ್ಳ. ಹಳ್ಳಿಯ ಬದಿದಾರಿ, ಹೊಳೆಯ ದಂಡೆ, ಕೆನಾಲಿನ ಏರಿ ಜೋಡಿಸಿದರೆ ನಾಲ್ಕಾರು ದಿನದ ಸೈಕಲ್ ಪ್ರವಾಸಕ್ಕೆ ಸಾಲುವಷ್ಟು ಚರಿತ್ರೆ ಮತ್ತು ನೆಲದ ಚೆಲುವು ಇಲ್ಲಿದೆ. ಕಿತ್ತೂರು ಉತ್ಸವಕ್ಕೆ ಪ್ರತಿ ವರ್ಷ ವೇದಿಕೆ ಕಟ್ಟುವವರು, ಚೆನ್ನಮ್ಮನ ಕೋಟೆಯಿಂದ ಆಕೆಯ ಸಮಾಧಿಯವರೆಗೆ ಒಬ್ಬ ವಿದ್ಯಾರ್ಥಿ ನಿರ್ಭಯವಾಗಿ ಸೈಕಲ್ಲಿನಲ್ಲಿ ಹೋಗುವ ದಾರಿ ಮಾಡಿಲ್ಲ. ನಾಚಿಕೆಯಾಗಬೇಕು.

ಹುಬ್ಬಳ್ಳಿಯಲ್ಲಿ ಉಣಕಲ್ ನಾಲೆಯ ದಂಡೆಗೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಸೈಕಲ್ ದಾರಿ ಹಾಕಿದರು. ನಗರದ ಕೊಳಚೆ ನಾಲೆಯ ಬದಿಗೆ ಆಗುವುದು ಮಲಪ್ರಭೆಯ ಕಾಲುವೆಯ ಬದಿಗೆ ಏಕಾಗದು? ನೀರಿನ ಅಪಾಯದ ಮಾತು ಬರುತ್ತದೆ, ಬರಲೇಬೇಕು. ಮಂಡ್ಯದ ಕನಗನಮರಡಿಯಲ್ಲಿ 2018ರ ನವೆಂಬರಿನಲ್ಲಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ತಡೆಗೋಡೆ ಬೇಕು, ಭಾರಿ ವಾಹನ ದಂಡೆ ಹತ್ತದಂತೆ ಕಂಬ ನೆಡಬೇಕು. ರೈತರ ಚಕ್ಕಡಿ, ಹೊಲಕ್ಕೆ ಹೋಗುವ ಟ್ರ್ಯಾಕ್ಟರಿಗೆ ಜಾಗ ಬಿಟ್ಟೇ ಇದನ್ನು ಮಾಡಬಹುದು.

ಇನ್ನೊಂದು ಅವಕಾಶ ಕಣ್ಣೆದುರಿಗಿದೆ. ಲೋಂಡಾ ಸುತ್ತುವುದನ್ನು ತಪ್ಪಿಸಿ ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಹೋಗುವ ಸುಮಾರು 73 ಕಿಲೋಮೀಟರ್ ಹೊಸ ರೈಲು ಮಾರ್ಗಕ್ಕೆ ಮಂಜೂರಾತಿ ಸಿಕ್ಕಿ ವರ್ಷಗಳಾದವು. ಅದಕ್ಕಾಗಿ ದುಡಿದ ರೈಲ್ವೆ ರಾಜ್ಯ ಸಚಿವ ಸುರೇಶ ಅಂಗಡಿ 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಫಲವತ್ತಾದ ಭೂಮಿ ಹೋಗುತ್ತದೆಂದು ರೈತರು ಪ್ರತಿಭಟಿಸಿದ್ದು ನ್ಯಾಯವೇ. ಅವರಿಂದ ಇನ್ನೊಂದು ಗುಂಟೆಯನ್ನೂ ಕೇಳಬಾರದು. ಹಳಿಗಾಗಿ ಪಡೆದ ಜಾಗದ ಅಂಚಿನಲ್ಲಿಯೇ, ಬೇಲಿಯ ಹೊರಗೆ, ಸೈಕಲ್ಲಿಗೊಂದು ಪಟ್ಟಿಯನ್ನು ನಕಾಶೆಯಲ್ಲಿ ಈಗಲೇ ಗುರುತಿಸಬೇಕು. ಹಳಿ ಬಿದ್ದ ಮೇಲೆ ಕೇಳಿದರೆ "ಜಾಗ ಎಲ್ಲಿದೆ?" ಎಂಬ ಉತ್ತರ ಸಿದ್ಧವಿರುತ್ತದೆ.

ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಓದುಗರಲ್ಲಿ ಕೇಳುವುದು ದೊಡ್ಡದೇನಲ್ಲ. ದಂಡೆ ಒತ್ತಿದವರು ನಿಮ್ಮ ಕಾಕಾ ಇರಬಹುದು, ಮಾವ ಇರಬಹುದು, ನೀವೇ ಇರಬಹುದು. ಈ ಹಂಗಾಮಿನ ಬಿತ್ತನೆಗೆ ಮೊದಲು ಆ ಎರಡು ಸಾಲು ಹಿಂದೆ ಸರಿಯಿರಿ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಮುಂದಿನ ಸಭೆಯಲ್ಲಿ ಎದ್ದು ನಿಂತು, ಊರ ಸೀಮೆಯ ಕೆನಾಲು ದಾರಿಯನ್ನು ಸರ್ವೆ ಮಾಡಿಸಿ ಬಾಂದುಕಲ್ಲು ಹಾಕಿಸಿ ಎಂದು ಕೇಳಿ. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ, ಸಹಿ ಹಾಕಿಸಿದ ಮೇಲೆಯೇ ಮನೆಗೆ ಹೋಗಿ.